ಜೋಡಿ ಸೀನು

ಜನರ ಮೂಗಿಗೆ ಕಡ್ಡಿ ಹಾಕುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಮಾನ ಒಂದು ವಾರ ಪೂರ್ತಿ ನನ್ನ ಹತ್ತಿರ ಉಳಿದದ್ದಿಲ್ಲ. ಸೋಮವಾರ ಉಳಿದರೆ ಬುಧವಾರ ಹೋಗುತ್ತದೆ. ಬುಧವಾರವೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಯಾರಾದರೂ ಫೋನ್ ಮಾಡುತ್ತಾರೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ತಪ್ಪು ತಿಳಿಯುತ್ತೀರಿ. ನಮ್ಮೆಲ್ಲರ ಮೂಗು, ಗಂಟಲಿನಲ್ಲಿ ಬ್ಯಾಕ್ಟೀರಿಯಾಗಳು ಹುಟ್ಟಿದಾಗಿನಿಂದ ಸಂಸಾರ ಹೂಡಿಕೊಂಡಿರುತ್ತವೆ. ಬಹುಪಾಲು ಸಾಧು ಜೀವಿಗಳು. ಶೀತದ ವೈರಸ್ ಮಾತ್ರ ಹೊರಗಿನಿಂದ ನುಗ್ಗುವಂಥದ್ದು. ಒಂದೇ ವೈರಸ್ ತಗುಲಿದರೂ ಒಬ್ಬ ಹುಡುಗ ನಾಲ್ಕು ಸಲ ಸೀನಿ ಕಾಲೇಜಿಗೆ ಹೋಗುತ್ತಾನೆ, ಇನ್ನೊಬ್ಬ ವಾರವೆಲ್ಲ ಕಂಬಳಿ ಹೊದ್ದು ಮಲಗುತ್ತಾನೆ. ಮೂಗಿನೊಳಗೆ ವಾಸವಿರುವವರು ಯಾರು ಎನ್ನುವುದಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಹುಡುಕುವುದು ನಮ್ಮ ಪ್ರೊಫೆಸರ್ ಮೇಡಂ ಕೆಲಸ. ಆ ವಾಸಿಗಳನ್ನು ಹಿಡಿದು ತರುವುದು ನನ್ನ ಕೆಲಸ. ಮೈಸೂರಿನ ಮನೆ ಮನೆಗೆ ಹೋಗಿ, ಕಾಲೇಜು ವಯಸ್ಸಿನ ಹುಡುಗ ಹುಡುಗಿಯರ ಮೂಗಿನಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಅದನ್ನು ಪುಟ್ಟ ಸೀಸೆಗೆ ಹಾಕಿ, ಐಸ್ ಬಾಕ್ಸಿನಲ್ಲಿಟ್ಟು ಸ್ಕೂಟರಿನಲ್ಲಿ ಲ್ಯಾಬಿಗೆ ತರಬೇಕು. ಶೀತ ಇರಲಿ, ಇಲ್ಲದಿರಲಿ, ವಾರಕ್ಕೊಮ್ಮೆ ತಪ್ಪಬಾರದು.

ಇದರಲ್ಲಿ ನನ್ನದೇ ಆದ ಒಂದು ಕಲೆ ಇತ್ತು. ಕಡ್ಡಿ ನೋಡಿದರೆ ಎಂಥ ಗಟ್ಟಿ ಹುಡುಗನೂ ಹಿಂದೆ ಸರಿಯುತ್ತಾನೆ. ಆಗ ನಾನು ಮಾಸ್ಕ್ ಕೆಳಗಿಳಿಸಿ, ಇನ್ನೊಂದು ಕಡ್ಡಿ ತೆಗೆದು, ಎಲ್ಲರ ಎದುರಿಗೆ ನನ್ನ ಮೂಗಿಗೇ ಹಾಕಿ ತಿರುಗಿಸುತ್ತಿದ್ದೆ. ಸೀನು ಬರುತ್ತಿತ್ತು. ಮನೆಯವರೆಲ್ಲ ನಗುತ್ತಿದ್ದರು, ಹುಡುಗನ ಭಯ ಬಿಟ್ಟುಹೋಗುತ್ತಿತ್ತು. ಒಂದೇ ತೊಂದರೆ ಎಂದರೆ ನಮ್ಮ ಹಿರಿಯರಿಗೆ ಒಂಟಿ ಸೀನು ಆಗಿಬರುವುದಿಲ್ಲ. ಕೆಲಸ ಶುರು ಮಾಡುವಾಗ ಒಂದೇ ಸೀನಿದರೆ ಅಪಶಕುನ, ಇನ್ನೊಂದು ಸೀನಿ ಜೋಡಿ ಮಾಡಬೇಕು. ನಾನು ಮರ್ಯಾದಸ್ಥೆ, ಮಾಡುತ್ತಿದ್ದೆ. ಪ್ರೊಫೆಸರ್ ಮೇಡಂ ಈ ಕಲೆಯನ್ನು ಮೀಟಿಂಗಿನಲ್ಲಿ ಹೊಗಳಿದ್ದರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತೊಳೆದಿಟ್ಟ ಮೂಗು

ಯಾದವಗಿರಿಯ ಒಂದು ಮನೆ. ಪೋರ್ಟಿಕೋ, ಸಂಪಿಗೆ ಮರ, ಒಳಗೆ ಮೂರು ತಲೆಮಾರಿನ ಹೆಂಗಸರು. ಡಿಗ್ರಿ ಕೊನೆಯ ವರ್ಷದ ಹುಡುಗಿ, ಅವಳ ತಾಯಿ, ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿ. ಹುಡುಗಿಯ ತಂದೆಯೂ ಇದ್ದರು, ಆದರೆ ಆ ಮನೆಯಲ್ಲಿ ಅವರದು ಕೇಳುವ ಪಾತ್ರ ಮಾತ್ರ.

ಹುಡುಗಿಗೆ ರೇಡಿಯೋದಲ್ಲಿ ಮಾತಾಡುವ ಹುಚ್ಚು. ಚಿಕ್ಕವಳಿದ್ದಾಗಲೇ ಒಗ್ಗರಣೆ ಸೌಟು ಹಿಡಿದುಕೊಂಡು ಕನ್ನಡಿಯ ಮುಂದೆ ವಾರ್ತೆ ಓದುತ್ತಿದ್ದವಳಂತೆ. ಈಗ ನಿಜವಾಗಿಯೂ ಧ್ವನಿ ಪರೀಕ್ಷೆಗೆ ಕರೆ ಬಂದಿತ್ತು. ಅದಕ್ಕಾಗಿ ಅವಳು ಉರಿಬಿಸಿಲಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಿದ್ದಳು. ಜೋರಾಗಿ ನಗುತ್ತಿರಲಿಲ್ಲ. ತಾಯಿ ತಣ್ಣೀರು, ಐಸ್ ಕ್ರೀಂ, ಮೊಸರು ಮೂರನ್ನೂ ನಿಲ್ಲಿಸಿದ್ದರು. "ಮೊಸರು ಏನ್ ಮಾಡುತ್ತೆ ಕಣಮ್ಮ, ಪಾಪ" ಎಂದು ಅಜ್ಜಿ ಗೊಣಗುತ್ತಿದ್ದರು.

ಮೊದಲ ದಿನವೇ ತಾಯಿ ನನ್ನನ್ನು ತಡೆದರು. "ಈ ಹೊತ್ತಲ್ಲಿ ಕಡ್ಡಿ ಹಾಕಿ ಏನಾದ್ರೂ ಮಾಡ್ಬುಟ್ರೆ ಏನ್ರೀ ಗತಿ? ಇವಳು ಈ ಪರೀಕ್ಷೆಗೆ ಅಂತಲೇ ಉಸಿರಾಡ್ತಿದ್ದಾಳೆ."

"ನನ್ನಿಂದ ನಿಮ್ಮ ಮಗಳ ದನಿಗೆ ಕೂದಲೆಳೆಯಷ್ಟೂ ತೊಂದರೆ ಆಗಲ್ಲ. ಇದು ನನ್ನ ಮಾತು" ಎಂದೆ. ಎಷ್ಟು ಠೀವಿಯಿಂದ ಹೇಳಿದೆ ಎಂದರೆ ಅಜ್ಜಿ ನನಗೆ ಇನ್ನೊಂದು ಲೋಟ ಕಾಫಿ ತರಿಸಿದರು.

ಆಮೇಲೆ ನೋಡಿದರೆ ಆ ಹುಡುಗಿಯ ಮೂಗಿನ ಸೀಸೆಗಳು ಒಂದಾದ ಮೇಲೊಂದು ಖಾಲಿ ಬಂದವು. ಪ್ರೊಫೆಸರ್ ಮೇಡಂ ನನ್ನನ್ನು ಕರೆಸಿದರು. "ಯಾದವಗಿರಿಯ ಈ ಮೂಗಿನಲ್ಲಿ ಯಾರೂ ವಾಸವಿಲ್ಲ. ನೀವು ಕಡ್ಡಿಯನ್ನ ಮೂಗಿಗೇ ಹಾಕ್ತಿದ್ದೀರಾ, ಅಥವಾ ಗಾಳೀಲಿ ಆಡಿಸಿ ತರ್ತಿದ್ದೀರಾ?"

ಇಪ್ಪತ್ತು ವರ್ಷ ಲ್ಯಾಬಿನಲ್ಲಿ ದುಡಿದವಳಿಗೆ ಕೇಳುವ ಪ್ರಶ್ನೆಯೇ ಇದು? ಮುಂದಿನ ಬುಧವಾರ ಹೇಳಿದ ಹೊತ್ತಿಗಿಂತ ಬೇಗ ಹೋದೆ. ಹುಡುಗಿ ನೀಲಗಿರಿ ಸೊಪ್ಪು ಹಾಕಿದ ಬಿಸಿನೀರಿನ ಹಬೆ ತೆಗೆದುಕೊಂಡು, ಉಪ್ಪುನೀರಿನಲ್ಲಿ ಮೂಗು ತೊಳೆದು, ಮುಖ ಮೇಲೆತ್ತಿ ಕೂತಿದ್ದಳು. ತಾಯಿ ಒದ್ದೆ ಬಟ್ಟೆಯ ತುದಿಯನ್ನು ಬತ್ತಿಯ ಹಾಗೆ ಹೊಸೆದು ಒಳಗೆಲ್ಲ ಒರೆಸುತ್ತಿದ್ದರು. ವಾರ ವಾರವೂ ಹೀಗೇ ನಡೆಯುತ್ತಿತ್ತಂತೆ. ನಾನು ಆ ಮನೆಯ ಶುಚಿಯನ್ನು ಬೇರೆ ಹೊಗಳಿದ್ದೆ.

"ಅಯ್ಯೋ, ತೊಳೀಬಾರ್ದು ಕಣ್ರೀ. ಒಳಗಿರೋದೇ ನಮಗೆ ಬೇಕಾಗಿರೋದು" ಎಂದೆ.

ತಾಯಿಗೆ ಇದು ಸರಿಬೀಳಲಿಲ್ಲ. "ಹೊರಗಿನೋರು ಬಂದು ನೋಡೋ ಮೂಗು ಕಣ್ರೀ. ಗುಡಿಸದೆ ಹಂಗೇ ಬಿಟ್ಟಿದ್ರೆ, ನಾಳೆ ನೀವೇ ನಾಲ್ಕು ಮನೇಲಿ ಆಡ್ಕೊಳ್ತಿರಲಿಲ್ವಾ?"

ಹೆಣ್ಣು ನೋಡುವ ದಿನ

ಬೋಗಾದಿಯಲ್ಲಿ ಹೊಲ ಬಡಾವಣೆಯಾದ ಮೇಲೆ ಎರಡಂತಸ್ತಿನ ಮನೆ ಕಟ್ಟಿದ ಕುಟುಂಬವೊಂದಿದೆ. ಅವರ ಮಗಳು ನಮ್ಮ ಪಟ್ಟಿಯವಳು. ಒಂದು ಸೋಮವಾರ ಹೋದರೆ ಬಾಗಿಲ ತುಂಬ ಚಪ್ಪಲಿ. ಒಳಗೆ ಜಮಖಾನದ ಮೇಲೆ ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದರು.

ಹುಡುಗಿಯ ತಾಯಿ ಕಣ್ಣಲ್ಲೇ "ಇವತ್ತು ಬೇಡ" ಎಂದರು. ನನಗೆ ಕಾಣಲಿಲ್ಲವೆಂದಲ್ಲ. ಆದರೆ ಆ ಖಾಲಿ ಸೀಸೆಗಳ ಅವಮಾನ ಇನ್ನೂ ಹಸಿಯಾಗಿತ್ತು, ಒಂದು ವಾರ ತಪ್ಪಿದರೂ ಮೇಡಂ ಮತ್ತೆ ಏನೆನ್ನುತ್ತಾರೋ ಎಂದು ಹೆದರಿ "ಎರಡೇ ನಿಮಿಷ" ಎಂದು ಒಳಗೆ ನುಗ್ಗಿಬಿಟ್ಟೆ.

ಗಂಡಿನ ಸೋದರಮಾವ ತಟ್ಟೆ ಕೆಳಗಿಟ್ಟರು. "ಇವರ್ಯಾರು? ಉಡ್ಗಿಗೆ ಏನಾಗದೆ?"

ಹುಡುಗಿಯ ತಾಯಿಯ ಮುಖ ಬಿಳಿಚಿತು. ಸಹಾಯ ಮಾಡೋಣವೆಂದು ನಾನೇ ಬಾಯಿ ಹಾಕಿದೆ. "ಏನೂ ಆಗಿಲ್ಲ ಯಜಮಾನ್ರೇ. ಹುಡುಗಿ ಮೂಗಿನಲ್ಲಿ ಬ್ಯಾಕ್ಟೀರಿಯಾ ಇದಾವೆ, ಅಷ್ಟೇ. ಬಹಳ ಒಳ್ಳೆಯವು."

ಜಮಖಾನದ ಮೇಲೆ ಯಾರೂ ಉಪ್ಪಿಟ್ಟು ನುಂಗಲಿಲ್ಲ. ಪರಿಸ್ಥಿತಿ ಸರಿಮಾಡಲು ನನಗೆ ಗೊತ್ತಿದ್ದದ್ದು ಒಂದೇ ಉಪಾಯ. ಮಾಸ್ಕ್ ಇಳಿಸಿ ಕಡ್ಡಿಯನ್ನು ನನ್ನ ಮೂಗಿಗೆ ಹಾಕಿದೆ. ದೊಡ್ಡದಾಗಿ ಸೀನಿದೆ. ಹೆಣ್ಣು ನೋಡುವ ಶುಭ ಹೊತ್ತಿನಲ್ಲಿ ಒಂಟಿ ಸೀನು.

ಯಾರೂ ನಗಲಿಲ್ಲ. ಸೋದರಮಾವ "ಇನ್ನೊಂದು ಸೀನವ್ವ, ಬಿರ್ರನೆ" ಎಂದರು. ಬರಲಿಲ್ಲ. ಕಡ್ಡಿ ತಿರುಗಿಸಿದೆ, ಕಿಟಕಿಯ ಬಿಸಿಲು ನೋಡಿದೆ. ಎರಡು ಕುಟುಂಬದ ಹಿರಿಯರು ತಟ್ಟೆ ಹಿಡಿದು ನನ್ನ ಮೂಗನ್ನೇ ನೋಡುತ್ತ ಕೂತಿದ್ದರು. ಕಡೆಗೆ ಸೋದರಮಾವ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಕೊಟ್ಟರು. ಏರಿಸಿದೆ. ಆಮೇಲೆ ಸೀನು ನಿಲ್ಲಲೇ ಇಲ್ಲ. ಹಿರಿಯರೆಲ್ಲ ಬೆರಳು ಮಡಿಸಿ ಎಣಿಸುತ್ತಿದ್ದರು. ನಿಂತಾಗ ನೋಡಿದರೆ ಬೆಸಸಂಖ್ಯೆ, ಮತ್ತೆ ಒಂದು ಕಮ್ಮಿ.

ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಶ್ಯದ ಪುಡಿ ಹಾರಿ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಗಂಡೇ ಒಂದು ಸೀನು ಸೀನಿದ. ಒಳಗಿನಿಂದ ಹುಡುಗಿ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಸೋದರಮಾವ ತಟ್ಟೆ ಮತ್ತೆ ಕೈಗೆತ್ತಿಕೊಂಡರು. "ಉಡ್ಗನೇ ಜೋಡಿ ಮಾಡ್ಬುಟ್ನಲ್ಲ, ಇನ್ನೇನು ನೋಡದು? ದಿನ ಗೊತ್ತು ಮಾಡ್ಬುಡಿ."

ಟವೆಲ್ಲು ಬದಲಾಯಿಸಿದವನು

ಬೋಗಾದಿಯಲ್ಲೇ ಇನ್ನೂ ಸ್ವಲ್ಪ ಮುಂದೆ ಹುಡುಗರ ಪೀಜಿ. ಹೆಂಗಸರು ಮೇಲೆ ಹತ್ತುವಂತಿಲ್ಲ ಎಂದು ಓನರ್ ಕಟ್ಟುನಿಟ್ಟು ಮಾಡಿದ್ದರಿಂದ ನಾನು ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಹುಡುಗರು ತಲೆ ಮೇಲೆ ಟವೆಲ್ ಹೊದ್ದು, ಕಣ್ಣು ಮುಚ್ಚಿಕೊಂಡೇ ಇಳಿದು ಬಂದು, ಮೂಗು ಕೊಟ್ಟು, ಮತ್ತೆ ಹತ್ತಿ ಹೋಗುತ್ತಿದ್ದರು. ಇಷ್ಟು ವಿನಯದ ಹುಡುಗರು ಇನ್ನೆಲ್ಲೂ ಇಲ್ಲವೆಂದು ನಾನು ಓನರ್ ಹತ್ತಿರ ಹೇಳಿದ್ದೆ.

ಸ್ವಲ್ಪ ದಿನಕ್ಕೆ ಪ್ರೊಫೆಸರ್ ಮೇಡಂ ಖುಷಿಯಿಂದ ಕುಣಿಯುವುದೊಂದು ಬಾಕಿ. ಆ ಪೀಜಿಯ ಒಂದೇ ರೂಮಿನ ಹುಡುಗರ ಮೂಗುಗಳಲ್ಲಿ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಥರ, ಒಂದೇ ಪ್ರಮಾಣ, ಅಚ್ಚು ಹಾಕಿದ ಹಾಗೆ. "ಜೊತೆಯಲ್ಲಿ ವಾಸ ಮಾಡಿದ್ರೆ ಮೂಗುಗಳು ಇಷ್ಟರ ಮಟ್ಟಿಗೆ ಒಂದಾಗುತ್ತವೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ" ಎಂದರು. ಅದರ ಮೇಲೆ ಭಾಷಣ ಮಾಡಲು ತಯಾರಿ ನಡೆಸಿದರು. ಅದಕ್ಕೆ ಇರಲಿ ಎಂದು ಹುಡುಗರ ಜೊತೆ ಮಾತಾಡಿಸಲು ನಾನೇ ಅವರನ್ನು ಪೀಜಿಗೆ ಕರೆದುಕೊಂಡು ಹೋದೆ, ಹೇಳದೆ ಕೇಳದೆ.

ಪ್ರೊಫೆಸರ್ ಬಂದಿದ್ದಾರೆಂದು ಓನರ್ ಆ ದಿನ ಮೆಟ್ಟಿಲು ಹತ್ತಲು ಬಿಟ್ಟರು. ರೂಮಿನಲ್ಲಿ ಒಬ್ಬನೇ ಇದ್ದ. ಮೇಡಂ "ಉಳಿದವರು?" ಎಂದರೆ ತಡವರಿಸಿದ. ಬಾಗಿಲ ಹಿಂದಿನ ಮೊಳೆಗೆ ಬಣ್ಣ ಬಣ್ಣದ ಟವೆಲ್ಲುಗಳು ಸಾಲಾಗಿ ನೇತಾಡುತ್ತಿದ್ದವು. ಎಲ್ಲವನ್ನೂ ನಾನು ಗುರುತಿಸಿದೆ.

ಕಾಲೇಜಿನಲ್ಲಿ ಒಬ್ಬರ ಹಾಜರಿಗೆ ಇನ್ನೊಬ್ಬರು ಕೂಗುವ ಹಾಗೆ, ಇಲ್ಲಿ ಬೆಳಿಗ್ಗೆ ಬೇಗ ಏಳುವವನು ಎಲ್ಲರ ಪರವಾಗಿ ಮೂಗು ಕೊಡುತ್ತಿದ್ದ. "ನಿಮಗೆ ಬೇಜಾರಾಗ್ಬಾರ್ದು ಅಂತ ಆಂಟಿ" ಎಂದ. ನನಗೆ ತಲೆಯೆತ್ತಲು ಆಗಲಿಲ್ಲ.

ವಾಪಸ್ ಬರುವಾಗ ಮೇಡಂ ಭಾಷಣದ ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿದರು. ಏನಾದರೂ ಹೇಳಬೇಕಲ್ಲ ಎಂದು ನಾನೇ ಹೇಳಿದೆ: "ನಾನು ಯಾರ ಮುಖಾನೂ ನೋಡಲ್ಲ ಮೇಡಂ. ನನ್ನ ಗಮನ ಎಲ್ಲಾ ಮೂಗಿನ ಮೇಲೇ."

"ಮೂಗನ್ನಾದ್ರೂ ನೋಡ್ಬೇಕಿತ್ತಲ್ಲ" ಎಂದರು ಮೇಡಂ.

ಐಸ್ ಬಾಕ್ಸು

ರಾಜೀವನಗರದ ಒಂದು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿದಾಗೆಲ್ಲ ಅಲ್ಲಿನ ಐಸ್ ಕ್ರೀಂ ಗಾಡಿಯವನು ನನ್ನನ್ನು ಗುರಾಯಿಸುತ್ತಿದ್ದ. ಯಾಕೆಂದು ಒಂದು ಶುಕ್ರವಾರ ಗೊತ್ತಾಯಿತು.

"ಮೇಡಂ, ಈ ರೋಡು ನಮ್ದು. ನೀವು ಬಾಕ್ಸ್ ತಗೊಂಡು ಮನೆ ಮನೆಗೇ ಹೋಗಿ ಮಾರಿದ್ರೆ ನಮ್ ಹೊಟ್ಟೆಗೆ ಏನ್ ಮಾಡೋದು?"

ಪೀಜಿಯ ಪ್ರಸಂಗದ ನಂತರ ನನ್ನ ತಲೆ ಕೆಟ್ಟೇ ಇತ್ತು. ಬಾಕ್ಸಿನ ಮುಚ್ಚಳ ತೆಗೆದು, ಒಂದು ಸೀಸೆ ಎತ್ತಿ ಹಿಡಿದು, ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದೆ: "ಇದನ್ನ ಯಾರು ತಿಂತಾರಪ್ಪ? ಇದು ಮೂಗಿನ ಸಿಂಬಳ."

ಅವನ ಗಾಡಿಯ ಸುತ್ತ ನಿಂತು ಕಪ್ಪಿನಲ್ಲಿ ಚಮಚ ಆಡಿಸುತ್ತಿದ್ದ ಅಷ್ಟೂ ಜನ ಕೈ ನಿಲ್ಲಿಸಿದರು. ಒಂದು ಮಗು ತನ್ನ ಕಪ್ಪನ್ನು ಮೆಲ್ಲಗೆ ಅಮ್ಮನ ಕೈಗೆ ಕೊಟ್ಟಿತು. ಅವನು ಏನೂ ಬೈಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೆದುರು ಅವನ ಗಾಡಿಯ ಪಕ್ಕದಲ್ಲೇ ನಿಂತು ಬಾದಾಮಿ, ಪಿಸ್ತಾ, ಮಾವು ಎಂದು ಒಂದಾದ ಮೇಲೊಂದು ಕಪ್ ತಿಂದು, ಚೆನ್ನಾಗಿದೆ ಚೆನ್ನಾಗಿದೆ ಎಂದೆ. ಜನ ಮತ್ತೆ ಬಂದರು. ಅದರಲ್ಲೊಬ್ಬ ಹುಡುಗ ಮೂಗು ಸೊರ್ರೆನ್ನಿಸುತ್ತ ನನಗೆ ಅಂಟಿಕೊಂಡೇ ನಿಂತಿದ್ದ.

ಭಾನುವಾರದ ಹೊತ್ತಿಗೆ ನನ್ನ ಗಂಟಲು ಕೆರೆಯತೊಡಗಿತು, ಮೂಗು ಜಿನುಗಿತು. ಅಷ್ಟೇ, ಜ್ವರವಿಲ್ಲ, ಸುಸ್ತಿಲ್ಲ. ನಮ್ಮನೆಯವರು "ಶೀತ ಆಗಿದೆ, ಮನೇಲಿರು" ಎಂದರು.

"ಇದು ಐಸ್ ಕ್ರೀಂದು ಮತ್ತೆ ರಸ್ತೆ ಅಗೆದಿರೋ ಧೂಳಿಂದು. ಶೀತ ಅಂದ್ರೆ ಏನು ಅಂತ ನನಗೆ ಹೇಳಿಕೊಡ್ತೀರಾ?" ಎಂದೆ.

ತಜ್ಞೆಯ ತೀರ್ಪು

ಆ ಬುಧವಾರ ಯಾದವಗಿರಿಗೆ ಹೋದಾಗ ಹುಡುಗಿಯ ಧ್ವನಿ ಪರೀಕ್ಷೆಗೆ ನಾಲ್ಕೈದು ದಿನವಿತ್ತು. ಹುಡುಗಿ ಕಡ್ಡಿಗೆ ಹೆದರುವ ಕಾಲ ಎಂದೋ ಕಳೆದಿತ್ತು. ಆದರೂ ಆ ದಿನ ಅವಳು ಬಹಳ ಗಾಬರಿಯಲ್ಲಿದ್ದಾಳೆಂದು ನಗಿಸಲು ಹಳೆಯ ಕಲೆ ತೋರಿಸಿದೆ. ಮಾಸ್ಕ್ ಇಳಿಸಿದೆ, ನನ್ನ ಮೂಗಿಗೆ ಕಡ್ಡಿ ಹಾಕಿದೆ, ಸೀನಿದೆ. ಹುಡುಗಿ ನಕ್ಕಳು.

ಅಜ್ಜಿ ಕೂತಲ್ಲಿಂದಲೇ ಅಂದರು: "ಒಂಟಿ ಸೀನು ಬೇಡ ಕಣಮ್ಮ, ಮಗೀದು ಪರೀಕ್ಷೆ ಇದೆ. ಇನ್ನೊಂದು ಸೀನ್ಬುಡು."

ಸೀನಿಬಿಟ್ಟೆ. ಮೊದಲನೆಯದಕ್ಕಿಂತ ಎರಡನೆಯದು ಚೆನ್ನಾಗಿ ಬಂತು.

ಶನಿವಾರ ಹುಡುಗಿಯ ತಾಯಿ ಫೋನ್ ಮಾಡಿದರು. ಹುಡುಗಿಗೆ ಶೀತ, ಗಂಟಲು ಪೂರ್ತಿ ಕಟ್ಟಿಹೋಗಿದೆ. ಸೋಮವಾರ ಆ ಗಂಟಲಲ್ಲೇ ಪರೀಕ್ಷೆಗೆ ಹೋಗಿ ಎರಡು ಸಾಲು ಓದಿ, ಕೆಮ್ಮಿ, ಎದ್ದು ಬಂದಳಂತೆ.

ಬುಧವಾರ ಹೋದಾಗ ಮನೆ ಮನೆಯಾಗಿರಲಿಲ್ಲ. ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಬಂದ ಸದ್ದಿಗೆ ತಿರುಗಿ, "ಅವರು ಇನ್ನೊಂದ್ಸಲ ಕರೀತಾರಾ ಆಂಟಿ?" ಎಂದಳು. ದನಿ ಒಡೆದುಹೋಗಿತ್ತು. ಅಜ್ಜಿ ಒಂದು ಮೂಲೆಯಲ್ಲಿ, ತಾಯಿ ಇನ್ನೊಂದು ಮೂಲೆಯಲ್ಲಿ. ಗುರುವಾರ ಮಧ್ಯಾಹ್ನ ಮೊಮ್ಮಗಳು ಆಸೆಪಟ್ಟಳೆಂದು ಅಜ್ಜಿ ಅಡುಗೆಮನೆಯಲ್ಲಿ ಅವಳಿಗೆ ಗುಟ್ಟಾಗಿ ಮೊಸರನ್ನ ಕಲಸಿಕೊಟ್ಟಿದ್ದರು. ಅದು ಸೊಸೆಗೆ ಗೊತ್ತಾಗಿತ್ತು. ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಅಜ್ಜಿ ಅಂದಿನಿಂದ ತಾವೇ ಮೊಸರು ಬಿಟ್ಟಿದ್ದರು. ಬುದ್ಧಿ ತಿಳಿದಾಗಿನಿಂದ ಮೊಸರನ್ನವಿಲ್ಲದೆ ಊಟ ಮುಗಿಸದ ಹೆಂಗಸು ಸಾರನ್ನಕ್ಕೇ ಕೈತೊಳೆದು ಏಳುತ್ತಿದ್ದರು.

ತಾಯಿ ನನ್ನನ್ನೇ ನ್ಯಾಯಕ್ಕೆ ಕರೆದರು. "ನೀವು ತಿಳಿದೋರು, ನೀವೇ ಹೇಳಿ. ಇದು ಮೊಸರನ್ನದ್ದೇ ಕೆಲಸ ತಾನೇ?"

ಶೀತ ವೈರಸ್ಸಿನಿಂದ ಬರುತ್ತದೆ, ಮೊಸರಿನಿಂದಲ್ಲ ಎನ್ನುವುದು ನನಗೆ ಗೊತ್ತಿಲ್ಲವೇ? ಅದನ್ನು ಹೇಳಿಕೊಂಡು ತಿರುಗುವುದೇ ನನ್ನ ಕೆಲಸ. ಆದರೆ ಮೊಸರಲ್ಲದಿದ್ದರೆ ಕಡ್ಡಿಯ ಮೇಲೆ ಬರುತ್ತದೆ, ಕಡ್ಡಿಯ ಮೇಲೆ ಬಂದರೆ ನನ್ನ ಮಾತಿನ ಮೇಲೆ ಬರುತ್ತದೆ. "ತಣ್ಣಗಿದ್ದಿದ್ದರೆ… ಇರಬಹುದು" ಎಂದೆ.

ಅಜ್ಜಿ ನನ್ನನ್ನು ಒಂದು ಸಲ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಎದ್ದು ಹೋದರು. ನಾನು ಕಾಫಿ ಲೋಟ ಕೆಳಗಿಟ್ಟೆ. ಅದರ ಮೇಲೆ ಸೀನು ಬೇರೆ ಬಂತು. ಹುಡುಗಿಯ ತಾಯಿ ಪಾಪ, "ನಿಮಗೂ ಶೀತಾನಾ? ನೀವೂ ಮೊಸರು ಬಿಡಿ" ಎಂದು ನನಗೆ ಬುದ್ಧಿ ಹೇಳಿದರು.

ರಜೆ ಹಾಕುವ ವೈರಸ್

ದಸರಾ ಮುಗಿದ ಮೇಲೆ ಪ್ರೊಫೆಸರ್ ಮೇಡಂ ದೊಡ್ಡ ಮೀಟಿಂಗ್ ಕರೆದರು. ಬೇರೆ ಊರಿಂದ ಒಬ್ಬ ಹಿರಿಯ ವಿಜ್ಞಾನಿ ಬಂದಿದ್ದರು. ನಮ್ಮ ಹುಡುಗ ಹುಡುಗಿಯರಲ್ಲಿ ಹಲವರಿಗೆ ದಸರಾ ಆಸುಪಾಸಿನ ಒಂದೆರಡು ವಾರದೊಳಗೆ ಶೀತ ಬಂದಿತ್ತು, ಅದೂ ಎಲ್ಲರಿಗೂ ಒಂದೇ ತಳಿಯ ವೈರಸ್. ಗೋಡೆಯ ಮೇಲೆ ಮೈಸೂರಿನ ನಕ್ಷೆ, ಅದರ ಮೇಲೆ ಬಣ್ಣದ ಗುಂಡುಸೂಜಿಗಳು.

"ದಸರಾ ಜನಜಂಗುಳಿಯಲ್ಲಿ ಹರಡಿರಬೇಕು ಅಂದ್ಕೊಂಡಿದ್ದೆ" ಎಂದರು ಮೇಡಂ. "ಆದರೆ ಇದು ಬಹಳ ವಿಚಿತ್ರವಾಗಿದೆ."

ಹಿರಿಯ ವಿಜ್ಞಾನಿ ನಕ್ಷೆಯ ಹತ್ತಿರ ಹೋದರು. ವೈರಸ್ ತಗುಲಿದ ಮೇಲೆ ಸೀನು ಬರಲು ಸುಮಾರು ಎರಡು ದಿನ ಬೇಕು, ಅದಕ್ಕೇ ಪ್ರತಿಯೊಬ್ಬರಿಗೆ ಸೀನು ಶುರುವಾದ ದಿನದಿಂದ ಎರಡು ದಿನ ಹಿಂದಕ್ಕೆ ಎಣಿಸಿದರು. ಎಣಿಸುತ್ತ ಎಣಿಸುತ್ತ ಅವರ ಹುಬ್ಬು ಮೇಲೇರಿತು.

"ಈ ವೈರಸ್ಸಿಗೆ ಜಾತ್ರೆ ಜನ ಬೇಕಿಲ್ಲ. ಇದು ಸೋಮವಾರ ಬೋಗಾದಿಗೆ ಹೋಗುತ್ತೆ. ಬುಧವಾರ ಯಾದವಗಿರಿ. ಶುಕ್ರವಾರ ರಾಜೀವನಗರ. ಭಾನುವಾರ ಎಲ್ಲೂ ಹೋಗಲ್ಲ. ಎರಡನೇ ಶನಿವಾರಾನೂ ಹೋಗಿಲ್ಲ. ಇಡೀ ಊರು ಜಂಬೂಸವಾರಿ ನೋಡೋಕೆ ರಸ್ತೇಲಿ ನಿಂತಿತ್ತು ನೋಡಿ, ಆ ದಿನ ಇದು ಮನೇಲಿತ್ತು. ಆಯುಧಪೂಜೆಗೂ ರಜೆ." ಕನ್ನಡಕ ತೆಗೆದು ಒರೆಸಿಕೊಂಡರು. "ಸರ್ಕಾರಿ ರಜೆ ಪಟ್ಟಿ ಪಾಲಿಸೋ ವೈರಸ್ಸನ್ನ ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ."

ಎಲ್ಲರೂ ನಕ್ಕರು. ನಾನೂ ನಗಲು ಹೊರಟೆ. ಹೊರಟವಳು ನಕ್ಷೆಯನ್ನು ಸರಿಯಾಗಿ ನೋಡಿದೆ. ಅದು ನನ್ನ ಸ್ಕೂಟರಿನ ದಾರಿ. ಆ ಗುಂಡುಸೂಜಿಗಳಲ್ಲಿ ಒಂದು ಯಾದವಗಿರಿಯ ಸಂಪಿಗೆ ಮರದ ಮನೆ. ನಿನ್ನಿಂದ ಕೂದಲೆಳೆಯಷ್ಟೂ ತೊಂದರೆ ಆಗಲ್ಲ ಅಂದಿದ್ದೆಯಲ್ಲ, ಈಗ ಹೇಳು ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ಮೂಗು ಬಿಗಿಹಿಡಿದುಕೊಂಡೆ. ಹಿಡಿದಷ್ಟೂ ಏರಿತು. ಕಡೆಗೆ ಎಲ್ಲರ ನಡುವೆ ಸೀನಿಯೇಬಿಟ್ಟೆ.

ಎಲ್ಲರ ತಲೆ ನನ್ನ ಕಡೆ ತಿರುಗಿತು. ಪ್ರೊಫೆಸರ್ ಮೇಡಂ ಒಂದು ಕಡ್ಡಿ ತೆಗೆದುಕೊಂಡು ನನ್ನ ಹತ್ತಿರ ಬಂದರು.

ಫಲಿತಾಂಶ ಬಂದಾಗ ನನ್ನ ಮೂಗಿನಲ್ಲಿ ಅದೇ ವೈರಸ್ ಇತ್ತು. ಅದರ ಜೊತೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ದಂಡಿಯಾಗಿದ್ದವು. "ಅದಕ್ಕೇ ನಿಮಗೆ ಇದು ಜೋರಾಗಿ ಕಾಣಿಸ್ಕೊಳ್ಳದೆ ಇರಬಹುದು, ಖಚಿತವಾಗಿ ಹೇಳೋಕೆ ಆಗಲ್ಲ" ಎಂದರು ಮೇಡಂ. ಆಮೇಲೆ ಸೇರಿಸಿದರು: "ನಿಮ್ಮ ಮೂಗಿನಲ್ಲಿ ವಾಸ ಇರೋರು ತುಂಬಾ ಸಂಭಾವಿತರು ಕಣ್ರೀ. ಯಜಮಾನಿ ಬಗ್ಗೆ ಮಾತ್ರ ನಾನೇನೂ ಹೇಳಲ್ಲ."

ಇನ್ನೊಂದು ಸೌಟು

ಯಾದವಗಿರಿಗೆ ಹೋಗದೆ ವಿಧಿಯಿರಲಿಲ್ಲ. ಹುಡುಗಿಯ ಗಂಟಲು ನನ್ನ ಲೆಕ್ಕದಲ್ಲಿತ್ತು, ಅಜ್ಜಿಯ ಮೊಸರೂ ನನ್ನ ಲೆಕ್ಕದಲ್ಲೇ ಇತ್ತು. ಮುಂದೆ ರೇಡಿಯೋದವರು ಹುಡುಗಿಯನ್ನು ಮತ್ತೆ ಧ್ವನಿ ಪರೀಕ್ಷೆಗೆ ಕರೆದರು, ಅವಳು ಆಯ್ಕೆಯಾದಳು, ಈಗ ಕೆಲವು ಬೆಳಿಗ್ಗೆ ಅವಳ ದನಿ ಕೇಳುತ್ತಲೇ ನಾನು ಚಪಾತಿ ಲಟ್ಟಿಸುತ್ತೇನೆ. ಅದರಿಂದಲೇ ಇದನ್ನೆಲ್ಲ ಬರೆಯುವ ಧೈರ್ಯ. ಆದರೆ ಆ ದಿನ ಇದು ಯಾವುದೂ ಗೊತ್ತಿರಲಿಲ್ಲ. ಅವಳ ಕನಸಿನ ಕುತ್ತಿಗೆ ಹಿಸುಕಿದೆ ಎಂದುಕೊಂಡೇ ಹೋದೆ.

ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ಪೋರ್ಟಿಕೋದ ಮೆಟ್ಟಿಲ ಕೆಳಗೇ ನಿಂತೆ. ಒಳಗೆ ಹೋಗಲಿಲ್ಲ. ತಾಯಿ, ಮಗಳು, ತಂದೆ ಬಾಗಿಲಿಗೆ ಬಂದರು.

"ಮೊಸರನ್ನದ್ದು ಏನೂ ತಪ್ಪಿಲ್ಲ. ಶೀತ ತಂದಿದ್ದು ನಾನು. ಆವತ್ತು ಗೊತ್ತಿದ್ದೂ 'ಇರಬಹುದು' ಅಂತ ಸುಳ್ಳು ಹೇಳಿದ್ದೂ ನಾನೇ" ಎಂದೆ. ಹೇಳುವಾಗ ನನ್ನ ಕಣ್ಣು ಅವರ ಮನೆಯ ರಂಗೋಲಿ ಬಿಟ್ಟು ಮೇಲೆ ಬರಲಿಲ್ಲ.

ಒಳಗಿನಿಂದ ಅಜ್ಜಿಯ ದನಿ ಬಂತು. "ಯಾರದು? ಸರಿಯಾಗಿ ಕೇಳ್ಸಲಿಲ್ಲ, ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಅಜ್ಜಿ ಹೊರಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. "ಆ ಮಾಸ್ಕಲ್ಲಿ ಮಾತು ಒಡೆಯಲ್ಲ ಕಣಮ್ಮ. ಇನ್ನೊಂದ್ಸಲ ಹೇಳು, ಮಗನಿಗೂ ಅರ್ಥ ಆಗ್ಲಿ." ಮತ್ತೆ ಹೇಳಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಹೂ ಬಿಡಿಸಲು ಕಾಂಪೌಂಡಿನ ಹತ್ತಿರ ಬಂದರು. "ಇವರೂ ಅವತ್ತು ಮೊಸರಿನ ಮೇಲೇ ಹಾಕಿದ್ರು. ಇವರಿಗೂ ಹೇಳ್ಬುಡು ತಾಯಿ" ಎಂದರು ಅಜ್ಜಿ. ಸಂಪಿಗೆ ಮರದ ಕಡೆ ತಿರುಗಿ ಪಕ್ಕದ ಮನೆಗೂ ಹೇಳಿದೆ.

ಸೊಸೆ ಒಳಗೆ ಹೋಗಿ ಒಂದು ಬಟ್ಟಲು ಮೊಸರು ತಂದು ಅತ್ತೆಯ ಮುಂದೆ ಇಟ್ಟರು. ಇಟ್ಟು, ಅತ್ತೆಯ ಸೆರಗನ್ನು ಸ್ವಲ್ಪ ಸರಿಮಾಡಿದರು. ಹುಡುಗಿ ನನ್ನನ್ನು ನೋಡಿ, ಇನ್ನೂ ಒಡೆದೇ ಇದ್ದ ದನಿಯಲ್ಲಿ "ಹೋಗ್ಲಿ ಬಿಡಿ ಆಂಟಿ" ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಶೀತದ್ದು ಎಂದು ಒರೆಸಿಕೊಂಡೆ.

ಹೊರಡೋಣವೆಂದರೆ ಅಜ್ಜಿ ಬಿಡಲಿಲ್ಲ. "ಕೂತ್ಕೊ ಅಲ್ಲೇ. ಒಪ್ಪಿಕೊಂಡೋರನ್ನ ಬರೀ ಹೊಟ್ಟೇಲಿ ಕಳಿಸಲ್ಲ." ಎಲ್ಲರನ್ನೂ ಒಳಗೆ ಕಳಿಸಿ, ಒಂದು ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮೊಸರನ್ನ ಕಲಸಿಕೊಂಡು ತಾವೇ ತಂದರು. ನನಗೆ ಶೀತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬೇಡ ಅನ್ನುವ ಹಾಗಿರಲಿಲ್ಲ. ಮೊಸರಿನಿಂದ ಏನೂ ಆಗುವುದಿಲ್ಲವೆಂದು ಈಗ ತಾನೇ ಬೀದಿಗೆಲ್ಲ ಸಾರಿದ್ದೆ.

ಅಜ್ಜಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದು, ತಟ್ಟೆಯನ್ನು ಮೆಟ್ಟಿಲ ಮೇಲಿಡಲು ಬಗ್ಗಿದರು. ಬಗ್ಗಿದವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅವತ್ತು ಎರಡನೇ ಸೀನು ಸೀನು ಅಂದೋಳು ನಾನು ಅಂತ ಸೊಸೆ ಹತ್ರ ಏನಾರಾ ಅಂದ್ಬುಟ್ಯಾ?"

"ಇಲ್ಲ ಅಜ್ಜಿ."

"ಯಾರ ಹತ್ರಾನೂ?"

"ಯಾರ ಹತ್ರಾನೂ ಇಲ್ಲ."

ಅಜ್ಜಿ ನೆಟ್ಟಗೆ ನಿಂತರು. ಆಮೇಲೆ ಒಳಗಿನವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು: "ಪಾಪ, ಒಳ್ಳೇ ಹೆಂಗಸು ಕಣೇ ಇವಳು. ಇನ್ನೊಂದು ಸೌಟು ಮೊಸರು ತಗೊಂಬಾ."